ಟಿ.ಸಿ. ಇಲ್ಲವೆಂದು ಮಗು ಮನೆಯಲ್ಲಿ ಕೂರಬೇಕಿಲ್ಲ



ಜೂನ್ ಬಂತೆಂದರೆ ಸಂಘದ ಸಭೆಯಲ್ಲಿ ಈ ಮಾತು ಬಂದೇ ಬರುತ್ತದೆ: "ಫೀಸು ಬಾಕಿ ಇದೆ, ಟಿ.ಸಿ. ಕೊಡ್ತಿಲ್ಲ, ಸಾಲ ಬೇಕು ಸಿಸ್ಟರ್." ಹೀಗೆ ಕೇಳಿದ ಒಬ್ಬ ಸದಸ್ಯೆಯ ಮಗಳು ಆಗಲೇ ಮೂರು ವಾರದಿಂದ ಮನೆಯಲ್ಲಿದ್ದಳು.

ಸಾಲ ಬರೆಯುವ ಮೊದಲು ಕಾನೂನು ತಿಳಿಯೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ತರಗತಿಯವರೆಗೆ. ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಲು ಹೊರಟರೆ ಹಳೆಯ ಶಾಲೆಯವರು ಕೂಡಲೇ ಟಿ.ಸಿ. ಕೊಡಬೇಕು ಎನ್ನುತ್ತದೆ ಅದರ 5ನೇ ಸೆಕ್ಷನ್. ಅದು ತಡವಾದರೂ ಹೊಸ ಶಾಲೆಯವರು "ಟಿ.ಸಿ. ತಂದ ಮೇಲೆ ಬನ್ನಿ" ಎನ್ನುವಂತಿಲ್ಲ. ಮೊದಲು ಸೇರಿಸಿಕೊಳ್ಳಬೇಕು.

ಹಾಗಂತ ಫೀಸಿನ ಬಾಕಿ ಮನ್ನಾ ಆಗುವುದಿಲ್ಲ. ಅದು ದೊಡ್ಡವರ ಲೆಕ್ಕ, ಕಂತಿನಲ್ಲಿ ತೀರಿಸುತ್ತೇವೆಂದು ಕೇಳಿ. ನಮ್ಮಂಥ ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಫೀಸಿಗಾಗಿ ಮಗುವನ್ನು ಒತ್ತೆ ಇಡುವುದು ನಮಗೆ ಒಪ್ಪಿಗೆಯಿಲ್ಲ.

ಹೊಸ ಶಾಲೆ ಸೇರಿಸಿಕೊಳ್ಳದಿದ್ದರೆ ಬಾಯಿಮಾತು ಸಾಲದು. ಮಗುವಿನ ಹೆಸರು, ತರಗತಿ, ನೀವು ಹೋದ ದಿನಾಂಕ ಬರೆದು ಬಿ.ಇ.ಒ. ಕಚೇರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ. ಆ ತಾಯಿಯ ಜೊತೆ ಸಂಘದ ಇಬ್ಬರು ಹೋಗಿದ್ದರು. ಮಗಳು ಈಗ ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿ.