ಬಲ್ಬ್ ಬದಲಿಸುವ ಮೊದಲು ಅರ್ತ್ ನೋಡಿ

ತರಕಾರಿ, ಹೂವು, ಹಾಲು ಹೊರುವ ಪಿಕಪ್‌ಗಳಿಗೆ ಕೆಲಸ ಹೆಚ್ಚಾಗಿ ಬೆಳಗಿನ ಜಾವ. ಒಂದು ಕಡೆಯ ಹೆಡ್‌ಲೈಟ್ ಮಂಕಾಗುತ್ತದೆ, ಗುಂಡಿ ಬಂದಾಗ ಆರುತ್ತದೆ, ಬೊನೆಟ್ ಮೇಲೆ ತಟ್ಟಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಹೊಸ ಬಲ್ಬ್ ಹಾಕಿಸುತ್ತೀರಿ, ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಹೀಗಾದರೆ ದೋಷ ಬಲ್ಬಿನದ್ದಲ್ಲ, ಕನೆಕ್ಷನ್‌ನದ್ದು ಎಂದೇ ತಿಳಿಯಿರಿ.

ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಚ್4 ಹ್ಯಾಲೊಜೆನ್ ಬಲ್ಬ್. ಒಂದೇ ಗಾಜಿನೊಳಗೆ ಎರಡು ತಂತಿ ಸುರುಳಿ: ಹೈ ಬೀಮ್‌ಗೆ 60 ವ್ಯಾಟ್, ಡಿಪ್‌ಗೆ 55 ವ್ಯಾಟ್. ಹಿಂದೆ ಮೂರು ಪಿನ್. ಎರಡು ಪಿನ್ ಆ ಎರಡು ಸುರುಳಿಗೆ, ಮೂರನೆಯದು ಎರಡಕ್ಕೂ ಕಾಮನ್. ಈ ಕಾಮನ್ ಪಿನ್ ಸಾಮಾನ್ಯವಾಗಿ ಅರ್ತ್, ಅಂದರೆ ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ. ಒಂದೊಂದು ಬಲ್ಬ್ ಸುಮಾರು 5 ಆಂಪಿಯರ್ ಎಳೆಯುತ್ತದೆ. ಇಷ್ಟು ಕರೆಂಟು ಹರಿಯುವಾಗ ದಾರಿಯಲ್ಲಿ ಸ್ವಲ್ಪ ಕಿಲುಬು ಹಿಡಿದಿದ್ದರೂ ಅಲ್ಲೇ ವೋಲ್ಟೇಜ್ ಸೋರಿ ಶಾಖವಾಗುತ್ತದೆ. ಬಲ್ಬಿಗೆ ಸಿಗುವ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಶೇ. 30ರಷ್ಟು ಕುಸಿಯುತ್ತದೆ. ರಸ್ತೆ ಹಳದಿಯಾಗಿ ಕಾಣುವುದು ಇದರಿಂದಲೇ.

ಮೊದಲು ಲಕ್ಷಣ ಗಮನಿಸಿ. ಎರಡೂ ಲೈಟ್ ಒಟ್ಟಿಗೆ ಆರಿದರೆ ಬಲ್ಬನ್ನು ಬಿಟ್ಟು ಫ್ಯೂಸ್, ರಿಲೇ, ಸ್ವಿಚ್ ನೋಡಿ. ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಹಾಯಿಸುವ ಚಿಕ್ಕ ಡಬ್ಬಿ. ಒಂದೇ ಕಡೆ ತೊಂದರೆಯಿದ್ದರೆ ಸಾಮಾನ್ಯವಾಗಿ ಬಲ್ಬ್, ಹೋಲ್ಡರ್, ಅರ್ತ್, ಈ ಮೂರರಲ್ಲಿ ಒಂದು. ಇನ್ನೊಂದು ಗುರುತಿದೆ. ಡಿಪ್ ಹಾಕಿದಾಗ ಒಂದೇ ಬಲ್ಬಿನ ಎರಡೂ ಸುರುಳಿ ಮಸುಕಾಗಿ ಉರಿದು, ಡ್ಯಾಶ್‌ಬೋರ್ಡಿನ ನೀಲಿ ಹೈ ಬೀಮ್ ದೀಪವೂ ಸ್ವಲ್ಪ ಮಿನುಗಿದರೆ ಬಹುಮಟ್ಟಿಗೆ ಆ ಕಡೆಯ ಅರ್ತ್ ಹೋಗಿದೆ. ಮರಳಲು ದಾರಿ ಸಿಗದ ಕರೆಂಟು ಇನ್ನೊಂದು ಸುರುಳಿಯ ಮೂಲಕ ನುಸುಳುತ್ತಿರುತ್ತದೆ.

ಈಗ ಅಳೆಯುವ ಕೆಲಸ. ಬಹಳ ಜನ ಎಡವುವುದು ಇಲ್ಲೇ. ಹೋಲ್ಡರನ್ನು ಬಲ್ಬಿನಿಂದ ಕಿತ್ತು, ಮಲ್ಟಿಮೀಟರ್ ಇಟ್ಟು, 12 ವೋಲ್ಟ್ ತೋರಿಸಿತು ಎಂದು ವೈರಿಂಗಿಗೆ ಸರ್ಟಿಫಿಕೇಟ್ ಕೊಟ್ಟುಬಿಡುತ್ತಾರೆ. ಒಂದೇ ಒಂದು ಎಳೆ ಉಳಿದಿರುವ ವೈರೂ ಆಗ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಅದರಲ್ಲಿ ಕರೆಂಟೇ ಹರಿಯುತ್ತಿಲ್ಲ. ಬಲ್ಬ್ ಸಿಕ್ಕಿಸಿ, ಲೈಟ್ ಹಾಕಿಯೇ ಅಳೆಯಬೇಕು. ಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಹೋಲ್ಡರಿನ ಹಿಂಬದಿಯಿಂದ ಅರ್ತ್ ಪಿನ್ನಿಗೆ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಕೆಟ್ಟಿದೆ. ಬಳಿಕ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಡಿಪ್ ಪಿನ್ನಿಗೆ ಇಡಿ. ಅರ್ಧ ವೋಲ್ಟ್ ಮೀರಿದರೆ ಬರುವ ದಾರಿಯಲ್ಲಿ ತಡೆಯಿದೆ. ಎರಡನೆಯ ಕಡ್ಡಿಯನ್ನು ಬ್ಯಾಟರಿಯತ್ತ ಒಂದೊಂದೇ ಜಾಗ ಸರಿಸುತ್ತ ಹೋಗಿ: ಕಪ್ಲರ್, ರಿಲೇ, ಫ್ಯೂಸ್. ಎಲ್ಲಿ ಅಂಕಿ ತಟ್ಟನೆ ಇಳಿಯುತ್ತದೋ, ಅದಕ್ಕೂ ಹಿಂದೆ ನೋಡಿದ ಜಾಗಕ್ಕೂ ನಡುವೆ ದೋಷವಿದೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಅರ್ತ್ ಬದಿಯಲ್ಲಿರುತ್ತದೆ, ಆಗ ಕಾಮನ್ ಪಿನ್ನಿನಲ್ಲೇ ಪ್ಲಸ್ ಬರುತ್ತದೆ. ವೈರಿನ ಬಣ್ಣ ನಂಬಬೇಡಿ, ಗಾಡಿಯ ವೈರಿಂಗ್ ನಕ್ಷೆ ನೋಡಿ.

ದುರಸ್ತಿಗೆ ಮುಂಚೆ ಲೈಟ್ ಆರಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ಬಲ್ಬ್ ತಣ್ಣಗಾಗಲು ಬಿಡಿ. ಅರ್ತ್ ಬೋಲ್ಟ್ ತೆಗೆದು, ಬಣ್ಣ ಮತ್ತು ತುಕ್ಕು ಹೋಗಿ ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ. ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಹೋಲ್ಡರ್ ಕಂದಾಗಿದ್ದರೆ, ಪ್ಲಾಸ್ಟಿಕ್ ಕರಗಿದ್ದರೆ ಅದನ್ನು ಒರೆಸಿ ಕೂರಿಸುವುದು ವ್ಯರ್ಥ. ಶಾಖಕ್ಕೆ ಒಳಗಿನ ಪಟ್ಟಿಗಳ ಬಿಗಿ ಹೋಗಿರುತ್ತದೆ, ಸೆರಾಮಿಕ್ ಹೋಲ್ಡರ್ ಹಾಕಿಸಿ. ವೈರ್ ಸುತ್ತಿ ಟೇಪ್ ಹಚ್ಚಿದರೆ ಮಳೆಗಾಲ ದಾಟುವುದಿಲ್ಲ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೊಡಿಸಿ, ಅಂದರೆ ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಅಂಟಿಕೊಳ್ಳುವ ಕೊಳವೆ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬಿನ ಆಯುಸ್ಸು ಕಡಿಮೆಯಾಗುತ್ತದೆ.

ಬೆಳಕು ಸಾಲದೆಂದು 100/90 ವ್ಯಾಟ್ ಬಲ್ಬ್ ಹಾಕಬಹುದೇ? ಖಂಡಿತ ಬೇಡ. ಅದು 8 ಆಂಪಿಯರ್ ದಾಟುತ್ತದೆ, 5 ಆಂಪಿಯರ್‌ಗೆ ಹೊಂದಿಸಿದ ಹೋಲ್ಡರನ್ನು ಸುಡುತ್ತದೆ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡದನ್ನು ಹಾಕುವುದಾಗಲೀ ವೈರ್ ಸುತ್ತುವುದಾಗಲೀ ಗಾಡಿಗೆ ಬೆಂಕಿ ಆಹ್ವಾನಿಸಿದಂತೆ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ಫ್ಯೂಸ್ ಡಬ್ಬಿಯ ಮುಚ್ಚಳದಲ್ಲಿ ಬರೆದದ್ದನ್ನೇ ಹಾಕಿ.

ಖರ್ಚು ದೊಡ್ಡದಲ್ಲ. ಸಾಧಾರಣ ಎಚ್4 ಬಲ್ಬ್, ಸೆರಾಮಿಕ್ ಹೋಲ್ಡರ್, ರಿಲೇ ಇವು ಒಂದೊಂದೂ ನೂರಿನ್ನೂರು ರೂಪಾಯಿ ಆಸುಪಾಸು, ಕಂಪನಿ ನೋಡಿ ಹೆಚ್ಚು ಕಡಿಮೆ. ಸಾದಾ ಮಲ್ಟಿಮೀಟರ್ ಮುನ್ನೂರಕ್ಕೂ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ, ಊರುಗಳಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ಸಾಕು. ಗಾಡಿ ವಾರಂಟಿಯಲ್ಲಿದ್ದರೆ ವೈರ್ ಕತ್ತರಿಸದೆ ಸರ್ವಿಸ್ ಸೆಂಟರಿಗೇ ಒಯ್ಯಿರಿ.