ಉಸಿರಾಟದ ಮೇಲೆ ನರಮಂಡಲದ ನಿಯಂತ್ರಣ

ಹೃದಯದ ಬಡಿತಕ್ಕೆ ಬೇಕಾದ ಪ್ರೇರಣೆ ಹೃದಯದೊಳಗೇ ಹುಟ್ಟುತ್ತದೆ. ಶ್ವಾಸಕೋಶಗಳಿಗೆ ಅಂತಹ ಶಕ್ತಿಯಿಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 18 ಬಾರಿ ಉಸಿರಾಡುತ್ತಾರೆ. ಆ ಲಯವು ಹುಟ್ಟುವುದು ಹಿಮ್ಮೆದುಳಿನ ಮೆಡುಲ್ಲಾ ಆಬ್ಲಾಂಗೇಟಾದಲ್ಲಿ. ಅಲ್ಲಿಂದ ಹೊರಟ ಆದೇಶಗಳು ಮಿದುಳುಬಳ್ಳಿಯಲ್ಲಿ ಇಳಿದು, ನರಗಳ ಮೂಲಕ ವಪೆಯನ್ನೂ ಪಕ್ಕೆಲುಬುಗಳ ನಡುವಿನ ಸ್ನಾಯುಗಳನ್ನೂ ತಲುಪುತ್ತವೆ. ಇವು ಸಂಕುಚಿಸಿದಾಗ ಎದೆಗೂಡು ಹಿಗ್ಗಿ ಗಾಳಿ ಒಳಬರುತ್ತದೆ, ಸಡಿಲಗೊಂಡಾಗ ಹೊರಹೋಗುತ್ತದೆ.

ಉಸಿರಾಡಬೇಕೆಂಬ ಒತ್ತಾಯ ಆಮ್ಲಜನಕದ ಕೊರತೆಯಿಂದ ಉಂಟಾಗುತ್ತದೆಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಆದರೆ ಆರೋಗ್ಯವಂತರಲ್ಲಿ ಅದರ ಮುಖ್ಯ ಕಾರಣ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುವುದು. ಇದನ್ನು 1905ರಲ್ಲಿ ಹಾಲ್ಡೇನ್ ಮತ್ತು ಪ್ರೀಸ್ಟ್ಲಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಅನಿಲ ಹೆಚ್ಚಿದಂತೆ ಮಿದುಳನ್ನು ಆವರಿಸಿರುವ ದ್ರವದ ಆಮ್ಲೀಯತೆ ಏರುತ್ತದೆ. ಮೆಡುಲ್ಲಾದ ಗ್ರಾಹಕಗಳು ಅದನ್ನು ಗುರುತಿಸಿ ಉಸಿರಾಟವನ್ನು ಚುರುಕುಗೊಳಿಸುತ್ತವೆ. ಕತ್ತಿನ ಧಮನಿಗಳ ಬಳಿಯಿರುವ ಗ್ರಾಹಕಗಳು ಆಮ್ಲಜನಕವನ್ನು ಗಮನಿಸುತ್ತವೆಯಾದರೂ, ಅದರ ಪ್ರಮಾಣ ಬಹಳ ಕುಸಿದಾಗ ಮಾತ್ರ ಪ್ರಬಲವಾಗಿ ಎಚ್ಚರಿಸುತ್ತವೆ.

ಮಾತನಾಡಲು, ಹಾಡಲು, ಈಜಲು ಮುಮ್ಮೆದುಳು ಉಸಿರನ್ನು ಕೆಲಕಾಲ ತನ್ನ ಇಚ್ಛೆಯಂತೆ ತಡೆಹಿಡಿಯಬಲ್ಲದು. ಕಾರ್ಬನ್ ಡೈಆಕ್ಸೈಡ್ ಮಿತಿಮೀರಿದೊಡನೆ ಇಚ್ಛೆ ಸೋಲುತ್ತದೆ. ಈ ಸೋಲೇ ದೇಹದ ರಕ್ಷಣೆ.

ಈ ರಕ್ಷಣೆಯನ್ನು ಅರಿಯದೆ ಕೆಡಿಸಿಕೊಳ್ಳುವ ಸಂದರ್ಭವೊಂದುಂಟು. ಕೆರೆ ಬಾವಿಗಳಲ್ಲಿ ಹೆಚ್ಚು ಹೊತ್ತು ಮುಳುಗಿರುವ ಪಂದ್ಯ ಕಟ್ಟುವ ಮಕ್ಕಳು ಮೊದಲು ಹಲವು ಬಾರಿ ರಭಸದಿಂದ ಉಸಿರಾಡುವುದುಂಟು. ಇದರಿಂದ ರಕ್ತದ ಆಮ್ಲಜನಕ ಹೆಚ್ಚೇನೂ ಏರದು. ಕಾರ್ಬನ್ ಡೈಆಕ್ಸೈಡ್ ಮಾತ್ರ ಬಹಳ ಇಳಿಯುತ್ತದೆ. ಆದ್ದರಿಂದ ಮೇಲೆ ಬರಬೇಕೆಂಬ ಒತ್ತಾಯ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕುಸಿದು, ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಆಗ ಮೆಡುಲ್ಲಾದ ಆದೇಶದಂತೆ ಉಸಿರೆಳೆದರೆ ಒಳಬರುವುದು ಗಾಳಿಯಲ್ಲ, ನೀರು. ಈಜು ಚೆನ್ನಾಗಿ ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಶಿಕ್ಷಕರ ಗಮನಕ್ಕೆ

ವಿದ್ಯಾರ್ಥಿಗಳು ಕುಳಿತಿರುವಾಗ ಒಂದು ನಿಮಿಷದ ಉಸಿರುಗಳನ್ನು ಜೊತೆಗಾರರಿಂದ ಎಣಿಸಿಸಬೇಕು. ತನ್ನ ಉಸಿರನ್ನು ತಾನೇ ಎಣಿಸಿದರೆ ಅದರ ಸಹಜ ಲಯ ಬದಲಾಗುತ್ತದೆ. ಅನಂತರ ನಿಂತಲ್ಲೇ ಒಂದು ನಿಮಿಷ ಓಡಿಸಿ ಮತ್ತೆ ಎಣಿಸಿಸಬೇಕು. ಉಬ್ಬಸ ಅಥವಾ ಹೃದಯದ ತೊಂದರೆಯಿರುವ ಮಕ್ಕಳು ಓಡದೆ ಎಣಿಕೆಯ ಹೊಣೆ ಹೊರಲಿ. ಎರಡು ಎಣಿಕೆಗಳ ಅಂತರಕ್ಕೆ ಕಾರಣವನ್ನು ಚರ್ಚಿಸುವಾಗ, ದುಡಿಯುವ ಸ್ನಾಯುಗಳು ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುಗಡೆ ಮಾಡುವುದನ್ನು ತಿಳಿಸಬೇಕು. ಉಸಿರು ಬಿಗಿಹಿಡಿಯುವ ಸ್ಪರ್ಧೆಯನ್ನು ತರಗತಿಯಲ್ಲಿ ಎಂದೂ ನಡೆಸಬಾರದು. ಬೇಸಿಗೆ ರಜೆಗೆ ಮುನ್ನ ನೀರಿನ ಪಂದ್ಯದ ಅಪಾಯವನ್ನು ಇನ್ನೊಮ್ಮೆ ನೆನಪಿಸುವುದು ಅಗತ್ಯ.