ತೊಂಬತ್ತರಲ್ಲೂ ತೊಡೆಗೆ ಬಲ

ವಯಸ್ಸಾದವರಿಗೆ ಭಾರ ಎತ್ತಿಸುವುದೆಂದರೆ ನಮ್ಮಲ್ಲಿ ಈಗಲೂ ಹೌಹಾರುತ್ತಾರೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಅದನ್ನು ಮಾಡಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ವೃದ್ಧಾಶ್ರಮದ ಹತ್ತು ಮಂದಿ, ಸರಾಸರಿ ವಯಸ್ಸು 90. ಕೂತಲ್ಲೇ ಕಾಲಿನಿಂದ ಭಾರ ಎತ್ತಿ ಮಂಡಿ ನೇರ ಮಾಡುವುದು, ನಿಧಾನವಾಗಿ ಇಳಿಸುವುದು. ಭಾರವೇನೂ ಹಗುರವಲ್ಲ, ಒಬ್ಬೊಬ್ಬರೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಶೇ. 80ರವರೆಗೆ.

ಎಂಟು ವಾರಗಳಲ್ಲಿ ಅವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ಇದು ತೀರಾ ಸಣ್ಣ ಪ್ರಯೋಗ, ನಿಜ. 1994ರಲ್ಲಿ ಅದೇ ತಂಡ ನೂರು ಮಂದಿಯ ಮೇಲೆ ಮತ್ತೆ ಪರೀಕ್ಷಿಸಿದಾಗಲೂ ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟು ದಾಟಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯವನ್ನಷ್ಟೇ ಕುಡಿದವರಿಗೆ ಅಂಥ ಲಾಭ ಸಿಗಲಿಲ್ಲ. ಅಜ್ಜನಿಗೆ ಪ್ರೋಟೀನ್ ಪುಡಿಯ ಡಬ್ಬಿ ತಂದುಕೊಟ್ಟು ನೆಮ್ಮದಿಯಾಗಿರುವವರು ಗಮನಿಸಬೇಕು.

ಸೋಜಿಗವೆಂದರೆ, ಮೊದಲ ಪ್ರಯೋಗದಲ್ಲಿ ತೊಡೆಯ ಸ್ನಾಯು ದಪ್ಪವಾದದ್ದು ಸುಮಾರು ಶೇ. 9ರಷ್ಟು ಮಾತ್ರ. ಉಳಿದ ಬಲ ಎಲ್ಲಿಂದ ಬಂತು? ಬಹುಪಾಲು ನರಗಳಿಂದ. ಒಂದೊಂದು ನರಕೋಶವೂ ನೂರಾರು ಸ್ನಾಯುತಂತುಗಳನ್ನು ಆಳುತ್ತದೆ. ಕೆಲಸವಿಲ್ಲದ ಸ್ನಾಯುವಿನಲ್ಲಿ ಮೆದುಳು ಎಲ್ಲ ತಂತುಗಳನ್ನೂ ಒಟ್ಟಿಗೆ ದುಡಿಸಿಕೊಳ್ಳಲಾರದು. ಅಭ್ಯಾಸದಿಂದ ಆ ಸಾಮರ್ಥ್ಯ ಮರಳುತ್ತದೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಥಟ್ಟನೆ ಸೆಳೆಯುವ ತಂತುಗಳು. ಎಡವಿದಾಗ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವೂ ಅವೇ.

ಕುರ್ಚಿಯಿಂದ ಏಳಲು ಇಪ್ಪತ್ತರ ಹರೆಯದವರಿಗೆ ಕಾಲಿನ ಬಲದ ಒಂದಂಶ ಸಾಕು. ಎಂಬತ್ತರಲ್ಲಿ ಇದ್ದಬದ್ದ ಬಲವೆಲ್ಲ ಬೇಕಾಗಬಹುದು. ಹಾಗಿರುವಾಗ ಜ್ವರ ಬಂದು ವಾರ ಮಲಗಿದರೆ ಸಾಕು, ನಿನ್ನೆವರೆಗೆ ತಾವೇ ಬಚ್ಚಲಿಗೆ ಹೋಗುತ್ತಿದ್ದವರಿಗೆ ಇನ್ನೊಬ್ಬರ ಕೈ ಬೇಕಾಗುತ್ತದೆ. ‘ನೀವು ಏಳಬೇಡಿ ಅಜ್ಜಿ, ನಾವೇ ತಂದುಕೊಡ್ತೀವಿ’ ಎಂಬ ಪ್ರೀತಿಯೂ ಇದೇ ಕೆಲಸ ಮಾಡುತ್ತದೆ, ನಿಧಾನವಾಗಿ.

ಮನೆಯಲ್ಲೇ ನೋಡಬಹುದು. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲು ಸೋತಿದೆ ಎಂಬುದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಇಟ್ಟ ಅಳತೆ. ಪರೀಕ್ಷೆಯೇ ವ್ಯಾಯಾಮವೂ ಹೌದು: ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಪಕ್ಕದಲ್ಲಿ ಒಬ್ಬರು ನಿಂತು, ವಾರಕ್ಕೆ ಎರಡು ಮೂರು ದಿನ. ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಲಿ. ಸಲೀಸಾಯಿತು ಎನಿಸಿದಾಗ ಇನ್ನೂ ತಗ್ಗಿನ ಕುರ್ಚಿ ಹುಡುಕಬೇಕು.